1105ರ ಗುಣಗಳನ್ನು ನೀವೇ ಪತ್ತೆ ಹಚ್ಚುವುದು ಹೇಗೆ?

ಒಂದು ಸಂಖ್ಯೆ ಕೊಟ್ಟರೆ ಅದರಲ್ಲಿ ಏನು ವಿಶೇಷ ಇದೆ ಅಂತ ನೋಡೋದು ಹೇಗೆ, ಎಲ್ಲಿಂದ ಶುರು ಮಾಡಬೇಕು? ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಹೈಸ್ಕೂಲು ಮಕ್ಕಳು ಕೇಳುತ್ತಾರೆ, ಅವರ ಅಪ್ಪ ಅಮ್ಮ ಕೇಳುತ್ತಾರೆ, ಪಾಠ ಮಾಡುವ ಮೇಷ್ಟ್ರುಗಳೂ ಕೇಳುತ್ತಾರೆ. ರಾಮಾನುಜನ್ ಹೆಸರಿನ ಜೊತೆ ಬರುವ 1729 ಎಲ್ಲರಿಗೂ ಗೊತ್ತು, ಅದರ ಗುಣ (ಎರಡು ಘನಗಳ ಮೊತ್ತವಾಗಿ ಎರಡು ರೀತಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ) ಬಾಯಿಪಾಠವೂ ಆಗಿರುತ್ತದೆ. ಬೇರೆ ಸಂಖ್ಯೆ ಮುಂದಿಟ್ಟರೆ ಮಾತ್ರ ಪೆನ್ನು ಮುಂದೆ ಹೋಗುವುದಿಲ್ಲ.

ಅದಕ್ಕೇ ಇಲ್ಲಿ 1105 ತೆಗೆದುಕೊಂಡಿದ್ದೇನೆ. ಕೈಯಲ್ಲೇ ಲೆಕ್ಕ ಹಾಕುವಷ್ಟು ಚಿಕ್ಕದು, ಆದರೆ ಒಳಗೆ ತುಂಬಾ ಸರಕಿದೆ. ನನ್ನ ಮಟ್ಟಿಗೆ 1729ಕ್ಕಿಂತ ಇದು ಕಲಿಯೋಕೆ ಒಳ್ಳೆಯ ಸಂಖ್ಯೆ. ಯಾಕಂದ್ರೆ ಇದರ ಹೆಚ್ಚುಕಡಿಮೆ ಎಲ್ಲ ಗುಣಗಳೂ ಒಂದೇ ಬುಡದಿಂದ ಹೊರಡುತ್ತವೆ, ಮತ್ತು ಅದು ಹೇಗೆ ಅಂತ ಕಣ್ಣಾರೆ ನೋಡಬಹುದು.

ಬೇಕಾಗಿರೋದು ಇಷ್ಟು: ಪೆನ್ನು, ನಾಲ್ಕೈದು ಹಾಳೆ, ಫೋನಿನ ಕ್ಯಾಲ್ಕುಲೇಟರ್. 1ರಿಂದ 35ರವರೆಗಿನ ವರ್ಗಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಅಂದರೆ 1, 4, 9 ಹೀಗೆ 1225ರವರೆಗೆ. ಆಮೇಲೆ ಇದು ತುಂಬಾ ಕೆಲಸಕ್ಕೆ ಬರುತ್ತದೆ. ಶೇಷ, ಮ.ಸಾ.ಅ., ಲ.ಸಾ.ಅ. ಅಂದರೆ ಏನು ಅಂತ ಗೊತ್ತಿದ್ದರೆ ಸಾಕು.

ಹಂತ 1: ಮೊದಲು ಒಡೆಯಿರಿ

ಯಾವ ಸಂಖ್ಯೆಯೇ ಆಗಲಿ, ಮೊದಲ ಕೆಲಸ ಅದನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆಯುವುದು. ಅವಿಭಾಜ್ಯ ಅಂದರೆ 1 ಮತ್ತು ತನ್ನಿಂದ ಮಾತ್ರ ಭಾಗವಾಗುವ ಸಂಖ್ಯೆ: 2, 3, 5, 7, 11, 13 ಹೀಗೆ. 1 ಈ ಗುಂಪಿಗೆ ಸೇರುವುದಿಲ್ಲ.

1105 ಬೆಸ ಸಂಖ್ಯೆ, ಹಾಗಾಗಿ 2 ಇಲ್ಲ. ಅಂಕಿಗಳ ಮೊತ್ತ 7, ಹಾಗಾಗಿ 3 ಇಲ್ಲ. ಕೊನೆಯಲ್ಲಿ 5 ಇದೆ, ಭಾಗಿಸಿ: 1105 = 5 × 221.

ತುಂಬಾ ಜನ ಎಡವೋದು ಇಲ್ಲೇ. 221 ನೋಡಿದರೆ ಅವಿಭಾಜ್ಯದ ಹಾಗೆ ಕಾಣುತ್ತದೆ, ಅಲ್ವಾ? ಅಲ್ಲಿಗೇ ನಿಲ್ಲಿಸಬೇಡಿ. 221ರ ವರ್ಗಮೂಲ 15ಕ್ಕಿಂತ ಕಡಿಮೆ, ಹಾಗಾಗಿ 13ರವರೆಗಿನ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿ ನೋಡಿದರೆ ಸಾಕು. 7 ಹೋಗುವುದಿಲ್ಲ, 11 ಹೋಗುವುದಿಲ್ಲ, 13 ಹೋಗುತ್ತದೆ: 221 = 13 × 17. ಇನ್ನೊಂದು ದಾರಿಯೂ ಇದೆ. 221 ಅಂದರೆ 225 − 4, ಅಂದರೆ 15² − 2². ಎರಡು ವರ್ಗಗಳ ವ್ಯತ್ಯಾಸದ ಸೂತ್ರ ಹಾಕಿದರೆ (15 − 2)(15 + 2), ಅದೇ 13 × 17. ವರ್ಗಗಳ ಪಟ್ಟಿ ಪಕ್ಕದಲ್ಲಿದ್ದರೆ ಇಂಥವು ತಾನಾಗಿ ಕಣ್ಣಿಗೆ ಬೀಳುತ್ತವೆ.

ಒಟ್ಟು: 1105 = 5 × 13 × 17. ಈ ಸಾಲನ್ನು ಹಾಳೆಯ ಮೇಲ್ಭಾಗದಲ್ಲಿ ದೊಡ್ಡದಾಗಿ ಬರೆದುಕೊಳ್ಳಿ. ಮುಂದಿನದೆಲ್ಲ ಇದರಿಂದಲೇ ಬರುತ್ತದೆ.

ಹಂತ 2: ಅಪವರ್ತನಗಳ ಎಣಿಕೆ ಮತ್ತು ಮೊತ್ತ

ಮೂರು ಬೇರೆ ಬೇರೆ ಅವಿಭಾಜ್ಯಗಳು, ಪ್ರತಿಯೊಂದೂ ಒಂದೊಂದೇ ಸಲ. ಒಂದು ಅಪವರ್ತನ ಕಟ್ಟುವಾಗ ಪ್ರತಿ ಅವಿಭಾಜ್ಯವನ್ನು ತೆಗೆದುಕೊಳ್ಳಬಹುದು ಅಥವಾ ಬಿಡಬಹುದು. ಹಾಗಾಗಿ 2 × 2 × 2 = 8 ಅಪವರ್ತನಗಳು: 1, 5, 13, 17, 65, 85, 221, 1105.

ಮೊತ್ತಕ್ಕೂ ಶಾರ್ಟ್‌ಕಟ್ ಇದೆ: (1 + 5)(1 + 13)(1 + 17) = 6 × 14 × 18 = 1512. ಇದರಲ್ಲಿ 1105 ಅನ್ನೇ ಕಳೆದರೆ 407 ಉಳಿಯುತ್ತದೆ. ಹೀಗೆ ಉಳಿದದ್ದು ಮೂಲ ಸಂಖ್ಯೆಗೆ ಸಮವಾದರೆ ಅದು ಪರಿಪೂರ್ಣ ಸಂಖ್ಯೆ, 6 ಮತ್ತು 28ರ ಹಾಗೆ. ಇಲ್ಲಿ 407 ತುಂಬಾ ಕಡಿಮೆ, ಅಂದರೆ 1105 ಕೊರತೆಯ ಸಂಖ್ಯೆ. ಅದರಲ್ಲಿ ದೊಡ್ಡ ವಿಶೇಷ ಏನಿಲ್ಲ, ಮುಂದೆ ಹೋಗೋಣ.

ಇನ್ನೊಂದು ಎಣಿಕೆ ಬೇಕು. 1ರಿಂದ 1105ರವರೆಗೆ, 1105ರ ಜೊತೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲದ ಸಂಖ್ಯೆಗಳು ಎಷ್ಟು? ಇಂಥವನ್ನು ಸಹ ಅವಿಭಾಜ್ಯ ಅನ್ನುತ್ತಾರೆ. ಎಣಿಕೆಯ ಸೂತ್ರ ಆಯ್ಲರ್‌ನ ಹೆಸರಿನದು: ಪ್ರತಿ ಅವಿಭಾಜ್ಯದಿಂದ 1 ಕಳೆದು ಗುಣಿಸಿ, 4 × 12 × 16 = 768. ಅಂದರೆ ನೂರಕ್ಕೆ ಸುಮಾರು 70 ಸಂಖ್ಯೆಗಳು 1105ರ ಜೊತೆ ಯಾವ ಅಪವರ್ತನವನ್ನೂ ಹಂಚಿಕೊಳ್ಳುವುದಿಲ್ಲ. ಈ 768 ಅನ್ನು ನೆನಪಿಡಿ, ಹಂತ 5ರಲ್ಲಿ ಬೇಕಾಗುತ್ತದೆ.

ಸೂತ್ರ ಬಳಸುವಾಗ ಒಂದು ಎಚ್ಚರ: ಮೇಲಿನ ಮೂರೂ ಸೂತ್ರಗಳು ಇಷ್ಟು ಸಲೀಸಾಗಿ ನಡೆದದ್ದು ಯಾವ ಅವಿಭಾಜ್ಯವೂ ಎರಡು ಸಲ ಬಂದಿಲ್ಲದ್ದರಿಂದ. 45 = 3 × 3 × 5 ತರಹದ ಸಂಖ್ಯೆಗೆ ಇದನ್ನೇ ಹಾಗೇ ಹಾಕಿದರೆ ಉತ್ತರ ತಪ್ಪುತ್ತದೆ.

ಹಂತ 3: ಎರಡು ವರ್ಗಗಳ ಮೊತ್ತ

ಇದು 1105ರ ಅತಿ ಚಂದದ ಗುಣ, ನಿಧಾನವಾಗಿ ಮಾಡಿ.

1105 ಅನ್ನು ಎರಡು ವರ್ಗಗಳ ಮೊತ್ತವಾಗಿ ಎಷ್ಟು ರೀತಿ ಬರೆಯಬಹುದು? ಮೊದಲು ಸುಮ್ನೆ ಕೈಯಲ್ಲಿ ಹುಡುಕಿ. ಎರಡರಲ್ಲಿ ದೊಡ್ಡ ವರ್ಗ 1105ರ ಅರ್ಧಕ್ಕಿಂತ, ಅಂದರೆ 552.5ಕ್ಕಿಂತ ಜಾಸ್ತಿ ಇರಲೇಬೇಕು. 23² = 529, ಸಾಲದು. 24² = 576, ಆಗಬಹುದು. ಮೇಲಿನ ಮಿತಿ 33² = 1089. ಅಂದರೆ 24ರಿಂದ 33ರವರೆಗೆ ಹತ್ತೇ ಹತ್ತು ಸಂಖ್ಯೆ ಪರೀಕ್ಷಿಸಿದರೆ ಆಯಿತು. ಪ್ರತಿಯೊಂದರ ವರ್ಗವನ್ನು 1105ರಿಂದ ಕಳೆದು, ಉಳಿದದ್ದು ನಿಮ್ಮ ಪಟ್ಟಿಯಲ್ಲಿದೆಯಾ ನೋಡಿ. 24ಕ್ಕೆ 529 ಉಳಿಯುತ್ತದೆ, ಅದು 23². 25ಕ್ಕೆ 480, ವರ್ಗ ಅಲ್ಲ. ಹೀಗೇ ಹೋದರೆ ನಾಲ್ಕು ಸಿಗುತ್ತವೆ:

1105 = 24² + 23²
1105 = 31² + 12²
1105 = 32² + 9²
1105 = 33² + 4²

ಎರಡು ಧನ ವರ್ಗಗಳ ಮೊತ್ತವಾಗಿ ನಾಲ್ಕು ರೀತಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಇದೇ. ಎರಡು ರೀತಿಗೆ 50 ಮೊದಲು ಬರುತ್ತದೆ, ಮೂರು ರೀತಿಗೆ 325, ನಾಲ್ಕಕ್ಕೆ 1105.

ಎಣಿಸುವಾಗ 33² + 4² ಮತ್ತು 4² + 33² ಅನ್ನು ಬೇರೆ ಬೇರೆ ಅಂತ ಲೆಕ್ಕ ಹಾಕಬೇಡಿ. ಕೆಲವು ಕಡೆ 32 ರೀತಿ ಅಂತ ಬರೆದಿರುತ್ತಾರೆ, ಅದೂ ಸರಿಯೇ. ಅವರು ಜಾಗ ಬದಲಿಸಿದ್ದನ್ನೂ ಋಣ ಸಂಖ್ಯೆಗಳನ್ನೂ ಬೇರೆಯಾಗಿ ಎಣಿಸಿರುತ್ತಾರೆ. 4 × 2 × 4 = 32. ಯಾವ ಎಣಿಕೆ ಅಂತ ನೋಡಿಕೊಂಡು ಹೋಲಿಸಿ.

ಈಗ ಮುಖ್ಯ ಪ್ರಶ್ನೆ: ನಾಲ್ಕೇ ಯಾಕೆ? 4ರಿಂದ ಭಾಗಿಸಿದಾಗ ಶೇಷ 1 ಬರುವ ಅವಿಭಾಜ್ಯಗಳನ್ನು ಮಾತ್ರ ನೋಡಿ: 5, 13, 17, 29, 37. ಇಂಥ ಪ್ರತಿಯೊಂದನ್ನೂ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ರೀತಿ. ಫರ್ಮಾ ಹೇಳಿದ್ದನ್ನು ಆಯ್ಲರ್ ಸಾಧಿಸಿ ತೋರಿಸಿದ. ನಮ್ಮ ಮೂರೂ ಅವಿಭಾಜ್ಯಗಳು ಇದೇ ಜಾತಿಯವು:

5 = 2² + 1²
13 = 3² + 2²
17 = 4² + 1²

ಇವನ್ನು ಜೋಡಿಸೋಕೆ ಬ್ರಹ್ಮಗುಪ್ತನ ನಿತ್ಯಸಮೀಕರಣ ಬೇಕು. ಕ್ರಿ.ಶ. 628ರ ಬ್ರಾಹ್ಮಸ್ಫುಟ ಸಿದ್ಧಾಂತದಲ್ಲಿ ಅವನು ಇದನ್ನು ಇನ್ನೂ ವಿಶಾಲ ರೂಪದಲ್ಲಿ ಕೊಟ್ಟಿದ್ದಾನೆ. ನಮಗೆ ಬೇಕಾದಷ್ಟು ಹೇಳಬೇಕಂದ್ರೆ, ಎರಡು ವರ್ಗಗಳ ಮೊತ್ತವನ್ನು ಇನ್ನೊಂದು ಅಂಥದ್ದರಿಂದ ಗುಣಿಸಿದರೆ ಉತ್ತರವೂ ಎರಡು ವರ್ಗಗಳ ಮೊತ್ತವೇ, ಮತ್ತು ಸಾಮಾನ್ಯವಾಗಿ ಎರಡು ರೀತಿಯಲ್ಲಿ.

5 × 13 ಮಾಡಿ ನೋಡೋಣ. ಜೋಡಿಗಳು (2, 1) ಮತ್ತು (3, 2). ನೇರ ಗುಣಲಬ್ಧಗಳು 2 × 3 = 6 ಮತ್ತು 1 × 2 = 2. ಅಡ್ಡ ಗುಣಲಬ್ಧಗಳು 2 × 2 = 4 ಮತ್ತು 1 × 3 = 3. ಒಂದು ಕಡೆ ಕಳೆದರೆ ಇನ್ನೊಂದು ಕಡೆ ಕೂಡಬೇಕು. 6 − 2 = 4 ಮತ್ತು 4 + 3 = 7, ಅಂದರೆ 65 = 4² + 7². ಈಗ ತಿರುಗಿಸಿ: 6 + 2 = 8 ಮತ್ತು 4 − 3 = 1, ಅಂದರೆ 65 = 8² + 1².

ಈ ಎರಡನ್ನೂ 17ರ (4, 1) ಜೊತೆ ಇದೇ ಥರ ಜೋಡಿಸಿ. (7, 4)ರಿಂದ 24² + 23² ಮತ್ತು 32² + 9² ಬರುತ್ತವೆ. (8, 1)ರಿಂದ 31² + 12² ಮತ್ತು 33² + 4² ಬರುತ್ತವೆ. ಕೈಯಲ್ಲಿ ಹುಡುಕಿ ತೆಗೆದ ಅದೇ ನಾಲ್ಕು! ಹಾಳೆ ಮೇಲೆ ಒಂದ್ಸಲ ನೀವೇ ಮಾಡಿ, ಓದುವುದಕ್ಕಿಂತ ಮಾಡಿದಾಗಲೇ ಇದರ ಸೊಗಸು ಗೊತ್ತಾಗೋದು. ಎರಡು ಕಡೆಯೂ ಕೂಡುವುದು ಅಥವಾ ಎರಡು ಕಡೆಯೂ ಕಳೆಯುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಉತ್ತರ 1105 ಬರದಿದ್ದರೆ ಮೊದಲು ಅದನ್ನೇ ನೋಡಿ.

1729 ಇಲ್ಲಿ ಫೇಲ್ ಆಗುತ್ತದೆ. ಅದು 7 × 13 × 19. 7 ಮತ್ತು 19 ಅನ್ನು 4ರಿಂದ ಭಾಗಿಸಿದರೆ ಶೇಷ 3, ಮತ್ತು ಅವು ಒಂದೊಂದೇ ಸಲ ಬಂದಿವೆ. ಹಾಗಾಗಿ 1729 ಅನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯೋಕೆ ಸಾಧ್ಯವೇ ಇಲ್ಲ.

ಹಂತ 4: ಲಂಬಕೋನ ತ್ರಿಭುಜಗಳು

ಹಂತ 3ರ ನಾಲ್ಕು ಜೋಡಿಗಳನ್ನು ಎಸೆಯಬೇಡಿ. ಪ್ರತಿ ಜೋಡಿಯಿಂದ 1105 ವಿಕರ್ಣವಾಗಿರುವ ಒಂದು ಲಂಬಕೋನ ತ್ರಿಭುಜ ಸಿಗುತ್ತದೆ. ವಿಧಾನ: ವರ್ಗಗಳ ವ್ಯತ್ಯಾಸ ಒಂದು ಬಾಹು, ಗುಣಲಬ್ಧದ ಎರಡರಷ್ಟು ಇನ್ನೊಂದು ಬಾಹು, ವರ್ಗಗಳ ಮೊತ್ತ ವಿಕರ್ಣ. (24, 23)ಕ್ಕೆ 576 − 529 = 47, ಮತ್ತು 2 × 24 × 23 = 1104. ಅಂದರೆ 47² + 1104² = 1105². ಉಳಿದ ಮೂರು: (31, 12)ಕ್ಕೆ 817 ಮತ್ತು 744, (32, 9)ಕ್ಕೆ 943 ಮತ್ತು 576, (33, 4)ಕ್ಕೆ 1073 ಮತ್ತು 264.

ಈ ವಿಧಾನ ನಮ್ಮ ನೆಲಕ್ಕೂ ಹಳೆಯದು. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯ ಒಂಬತ್ತನೇ ಶತಮಾನದಲ್ಲಿ ಗಣಿತಸಾರಸಂಗ್ರಹದಲ್ಲಿ ಇದನ್ನೇ ಹೇಳುತ್ತಾನೆ. ಎರಡು ಸಂಖ್ಯೆಗಳನ್ನು ಬೀಜ ಅಂತ ತೆಗೆದುಕೊಂಡು ಅವುಗಳಿಂದ ಆಯತದ ಬಾಹುಗಳನ್ನೂ ಕರ್ಣವನ್ನೂ ಹುಟ್ಟಿಸುವ ಲೆಕ್ಕ ಅದು.

ಒಟ್ಟು ಎಷ್ಟು ತ್ರಿಭುಜ ಅಂತ ಕೇಳಿದರೆ 4 ಅಂತ ಬರೆದು ಬಿಡಬೇಡಿ. ಒಟ್ಟು 13 ಇವೆ. ಉಳಿದ 9 ಚಿಕ್ಕ ತ್ರಿಭುಜಗಳನ್ನು ದೊಡ್ಡದು ಮಾಡಿದಂಥವು. 3, 4, 5 ಅನ್ನು 221ರಿಂದ ಗುಣಿಸಿದರೆ 663, 884, 1105 ಬರುತ್ತದೆ. ಹೀಗೆ 5, 13, 17ರಿಂದ ಒಂದೊಂದು, 65, 85, 221ರಿಂದ ಎರಡೆರಡು. ಎಲ್ಲವನ್ನೂ ಬರೆದು ತೆಗೆಯೋದು ಒಂದು ಸಂಜೆಗೆ ಒಳ್ಳೆಯ ಕೆಲಸ.

ಹಂತ 5: ಅವಿಭಾಜ್ಯದ ವೇಷ

ಫರ್ಮಾನ ಕಿರು ಪ್ರಮೇಯ ಹೀಗಿದೆ: ಒಂದು ಅವಿಭಾಜ್ಯ ಸಂಖ್ಯೆ ತೆಗೆದುಕೊಳ್ಳಿ, ಅದರಿಂದ ಭಾಗವಾಗದ ಯಾವುದೇ ಸಂಖ್ಯೆಯನ್ನು ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಘಾತಕ್ಕೆ ಏರಿಸಿ, ಅದೇ ಅವಿಭಾಜ್ಯದಿಂದ ಭಾಗಿಸಿದರೆ ಶೇಷ 1. ಉದಾಹರಣೆಗೆ 7ಕ್ಕೆ 2⁶ = 64 = 63 + 1. ಹಾಗಾಗಿ ಒಂದು ದೊಡ್ಡ ಸಂಖ್ಯೆ ಅವಿಭಾಜ್ಯವಾ ಅಂತ ನೋಡೋಕೆ ಇದನ್ನು ಪರೀಕ್ಷೆಯಾಗಿ ಬಳಸಬಹುದು. ಶೇಷ 1 ಬರದಿದ್ದರೆ ಅದು ಖಂಡಿತ ಅವಿಭಾಜ್ಯ ಅಲ್ಲ.

ಆದರೆ ಶೇಷ 1 ಬಂದರೆ? ಅವಿಭಾಜ್ಯ ಅಂತ ತೀರ್ಮಾನಿಸೋ ಹಾಗಿಲ್ಲ. 1105 ಅದಕ್ಕೆ ಪಕ್ಕಾ ಸಾಕ್ಷಿ.

2ನ್ನು 1104ನೇ ಘಾತಕ್ಕೆ ಏರಿಸಿ 1105ರಿಂದ ಭಾಗಿಸಬೇಕು. ಕ್ಯಾಲ್ಕುಲೇಟರಿನಲ್ಲಿ ನೇರವಾಗಿ ಒತ್ತಬೇಡಿ, ಆ ಸಂಖ್ಯೆಯಲ್ಲಿ 333 ಅಂಕಿಗಳಿವೆ. ಸ್ಪ್ರೆಡ್‌ಶೀಟ್ ಕೂಡ 15 ಅಂಕಿಗಳ ನಂತರ ನಿಖರತೆ ಕಳೆದುಕೊಳ್ಳುತ್ತದೆ, ಆಮೇಲೆ ಬರುವ ಶೇಷ ಬರೀ ಕಸ. ಪ್ರತಿ ಹೆಜ್ಜೆಯಲ್ಲೂ ಶೇಷ ಮಾತ್ರ ಇಟ್ಟುಕೊಂಡು ಮುಂದೆ ಹೋಗಬೇಕು. 2¹² = 4096, 1105ರಿಂದ ಭಾಗಿಸಿದರೆ ಶೇಷ 781. ಅದರ ವರ್ಗ 609961, ಮತ್ತು 1105 × 552 = 609960. ಶೇಷ 1! ಅಂದರೆ 2²⁴ಕ್ಕೇ ಶೇಷ 1 ಬಂತು. 1104 = 24 × 46, ಹಾಗಾಗಿ 2ರ 1104ನೇ ಘಾತಕ್ಕೂ ಶೇಷ 1.

2 ಬಿಟ್ಟು 3, 4, 6, 7 ಯಾವುದನ್ನು ಹಾಕಿದರೂ ಇದೇ ಉತ್ತರ. ಹಂತ 2ರ ಆ 768 ಸಂಖ್ಯೆಗಳಲ್ಲಿ ಒಂದೂ 1105ರ ಗುಟ್ಟು ಬಿಟ್ಟುಕೊಡುವುದಿಲ್ಲ. ಹೀಗೆ ನಡೆದುಕೊಳ್ಳುವ ಭಾಜ್ಯ ಸಂಖ್ಯೆಗಳಿಗೆ ಕಾರ್ಮೈಕೇಲ್ ಸಂಖ್ಯೆಗಳು ಅನ್ನುತ್ತಾರೆ. ಮೊದಲನೆಯದು 561, ಎರಡನೆಯದು 1105, ಮೂರನೆಯದು 1729. ಇಂಥವು ಮುಗಿಯದಷ್ಟಿವೆ ಅಂತ 1994ರಲ್ಲಿ ಆಲ್ಫರ್ಡ್, ಗ್ರಾನ್ವಿಲ್, ಪೊಮೆರನ್ಸ್ ಎಂಬ ಮೂವರು ಸಾಧಿಸಿದರು.

768ನ್ನೂ ಒಂದೊಂದಾಗಿ ಪರೀಕ್ಷಿಸಬೇಕಾಗಿಲ್ಲ. ಕೋರ್ಸೆಲ್ಟ್ 1899ರಲ್ಲಿ ಕೊಟ್ಟ ನಿಯಮ ಇದೆ. ಭಾಜ್ಯ ಸಂಖ್ಯೆಯಲ್ಲಿ ಯಾವ ಅವಿಭಾಜ್ಯವೂ ಎರಡು ಸಲ ಬರಬಾರದು, ಮತ್ತು ಪ್ರತಿ ಅವಿಭಾಜ್ಯದಿಂದ 1 ಕಳೆದದ್ದು, ಮೂಲ ಸಂಖ್ಯೆಯಿಂದ 1 ಕಳೆದದ್ದನ್ನು ನಿಶ್ಶೇಷವಾಗಿ ಭಾಗಿಸಬೇಕು. ನಮ್ಮಲ್ಲಿ 1104 ÷ 4 = 276, 1104 ÷ 12 = 92, 1104 ÷ 16 = 69. ಮೂರೂ ಪಾಸು.

ಇಲ್ಲೊಂದು ಗೊಂದಲ ಆಗುತ್ತದೆ. ಕೆಲವರು 5 ಹಾಕಿ ನೋಡಿ ಶೇಷ 1 ಬರಲಿಲ್ಲ, ಹಾಗಾದರೆ 1105 ಕಾರ್ಮೈಕೇಲ್ ಅಲ್ಲ ಅಂತಾರೆ. 5 ಮತ್ತು 1105ಕ್ಕೆ ಸಾಮಾನ್ಯ ಅಪವರ್ತನ ಇದೆ, ಆದ್ದರಿಂದ ಶೇಷ ಯಾವಾಗಲೂ 5ರ ಗುಣಕವೇ ಆಗಿರುತ್ತದೆ, 1 ಬರೋಕೆ ದಾರಿಯೇ ಇಲ್ಲ. ನಿಯಮ ಇರೋದು ಸಹ ಅವಿಭಾಜ್ಯಗಳಿಗೆ ಮಾತ್ರ.

ಹಾಗಾದರೆ ಕಂಪ್ಯೂಟರುಗಳು ಏನು ಮಾಡುತ್ತವೆ? ಆನ್‌ಲೈನ್ ವ್ಯವಹಾರ ಕಾಯುವ ಕೀಲಿಗಳನ್ನು ಕಟ್ಟೋಕೆ ದೊಡ್ಡ ಅವಿಭಾಜ್ಯಗಳು ಬೇಕಲ್ಲ. ಅಲ್ಲಿ ಹೆಚ್ಚಾಗಿ ಬಳಸೋದು ಮಿಲ್ಲರ್–ರಾಬಿನ್ ಪರೀಕ್ಷೆ. ಅದರ ತಿರುಳು ನಿಮ್ಮ ಹಾಳೆಯಲ್ಲೇ ಈಗಾಗಲೇ ಇದೆ. ನಿಜವಾದ ಅವಿಭಾಜ್ಯಕ್ಕೆ, ವರ್ಗ ಮಾಡಿದಾಗ ಶೇಷ 1 ಕೊಡುವ ಶೇಷಗಳು ಎರಡೇ: 1 ಮತ್ತು ಆ ಸಂಖ್ಯೆಗಿಂತ ಒಂದು ಕಡಿಮೆ. 1105 ಅವಿಭಾಜ್ಯ ಆಗಿದ್ದರೆ 1 ಮತ್ತು 1104 ಮಾತ್ರ ಇರಬೇಕಿತ್ತು. ಆದರೆ 781ರ ವರ್ಗಕ್ಕೂ ಶೇಷ 1 ಬಂತಲ್ಲ! ಅಲ್ಲಿಗೆ ವೇಷ ಕಳಚಿತು. ಅಷ್ಟೇ ಅಲ್ಲ, 780 ಮತ್ತು 1105ರ ಮ.ಸಾ.ಅ. ತೆಗೆಯಿರಿ, 65 ಬರುತ್ತದೆ. 782 ಮತ್ತು 1105ರದ್ದು ತೆಗೆಯಿರಿ, 17 ಬರುತ್ತದೆ. ಅಪವರ್ತನಗಳೇ ಹೊರಗೆ ಬಿದ್ದವು.

ಹಂತ 6: ಆಕೃತಿಗಳು

ಇದು ಬೇಗ ಮುಗಿಯುತ್ತದೆ. ಅಡ್ಡ, ಉದ್ದ, ಕರ್ಣ ಎಲ್ಲ ಸಾಲುಗಳ ಮೊತ್ತವೂ ಒಂದೇ ಬರುವ ಚೌಕಕ್ಕೆ ಮಾಯಾಚೌಕ ಅನ್ನುತ್ತಾರೆ. 13 × 13ರ ಮಾಯಾಚೌಕದಲ್ಲಿ 1ರಿಂದ 169ರವರೆಗೆ ತುಂಬಿದರೆ ಪ್ರತಿ ಸಾಲಿನ ಮೊತ್ತ 1105. ಲೆಕ್ಕ: ಎಲ್ಲದರ ಮೊತ್ತ 169 × 170 ÷ 2 = 14365, ಅದನ್ನು 13 ಸಾಲಿಗೆ ಹಂಚಿದರೆ 1105. ಇದು 13 × 85 ಎಂಬ ಅಪವರ್ತನದ ಇನ್ನೊಂದು ಮುಖ, ಯಾಕಂದ್ರೆ 85 ಅಂದರೆ 170ರ ಅರ್ಧ.

ಹಾಗೇ 17 × 65. ಇಲ್ಲಿ 65 = 4 × 17 − 3. ದಶಭುಜ ಸಂಖ್ಯೆಗಳು, ಅಂದರೆ ಚುಕ್ಕಿಗಳನ್ನು ಹತ್ತು ಬಾಹುಗಳ ಆಕೃತಿಯಲ್ಲಿ ಜೋಡಿಸುತ್ತಾ ಹೋದಾಗ ಬರುವ ಎಣಿಕೆಗಳು, 1, 10, 27, 52 ಹೀಗೆ ಹೋಗುತ್ತವೆ, ಸ್ಥಾನವನ್ನು ಅದರ ನಾಲ್ಕರಷ್ಟರಿಂದ 3 ಕಳೆದದ್ದರ ಜೊತೆ ಗುಣಿಸಿದರೆ ಸಿಗುತ್ತವೆ. ಹಾಗಾಗಿ 1105 ಹದಿನೇಳನೇ ದಶಭುಜ ಸಂಖ್ಯೆ.

ಹಂತ 7: ಅಂಕಿಗಳ ಗುಣ, ಕೊನೆಯಲ್ಲಿ ಮಾತ್ರ

ಹೊಸಬರು ಇಲ್ಲಿಂದಲೇ ಶುರು ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಂಕಿಗಳನ್ನು ಕೂಡುವುದು, ತಿರುಗಿಸುವುದು ಇವೆಲ್ಲ ನಾವು ಹತ್ತರ ಲೆಕ್ಕದಲ್ಲಿ ಬರೆಯುತ್ತೇವೆ ಅನ್ನೋದರ ಮೇಲೆ ನಿಂತಿವೆ. ಬರೆಯುವ ಪದ್ಧತಿ ಬದಲಾದರೆ ಅವೂ ಬದಲಾಗುತ್ತವೆ. 5 × 13 × 17 ಮಾತ್ರ ಬದಲಾಗುವುದಿಲ್ಲ.

ಅಂಕಿಗಳ ಮೊತ್ತದಿಂದ ಭಾಗವಾಗುವ ಸಂಖ್ಯೆಗೆ ಹರ್ಷದ್ ಸಂಖ್ಯೆ ಅನ್ನುತ್ತಾರೆ. ಮಹಾರಾಷ್ಟ್ರದ ದೇವಳಾಲಿಯ ಶಾಲಾ ಮೇಷ್ಟ್ರು ಡಿ. ಆರ್. ಕಾಪ್ರೇಕರ್ ಇಟ್ಟ ಹೆಸರು. 1105ರ ಅಂಕಿಗಳ ಮೊತ್ತ 7, ಭಾಗಿಸಿದರೆ ಶೇಷ 6. ಹಾಗಾಗಿ ಹರ್ಷದ್ ಅಲ್ಲ. 1729 ಹೌದು, 1729 ÷ 19 = 91.

ಈಗ ದ್ವಿಮಾನ ಪದ್ಧತಿಗೆ ಬನ್ನಿ, ಅಂದರೆ ಬರೀ 0 ಮತ್ತು 1ರಲ್ಲಿ ಬರೆಯುವುದು. 2ರಿಂದ ಭಾಗಿಸುತ್ತಾ ಶೇಷ ಬರೆದುಕೊಳ್ಳಿ, ಕೊನೆಗೆ ಕೆಳಗಿನಿಂದ ಮೇಲಕ್ಕೆ ಓದಿ: 10001010001. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ನಾಲ್ಕರ ಪದ್ಧತಿಯಲ್ಲಿ 101101, ಅದೂ ಹಾಗೇ. ಹತ್ತರಲ್ಲಿ 1105 ತಿರುಗಿಸಿದರೆ 5011, ಏನೂ ಇಲ್ಲ. ಶೇಷಗಳನ್ನು ಮೇಲಿನಿಂದ ಓದಿಬಿಡೋದು ದ್ವಿಮಾನದಲ್ಲಿ ಎಲ್ಲರೂ ಮಾಡುವ ತಪ್ಪು. 1105ರಲ್ಲಿ ಮಾತ್ರ ಆ ತಪ್ಪು ಮಾಡಿದರೂ ಉತ್ತರ ಸರಿ ಬರುತ್ತದೆ, ಹಾಗಾಗಿ ಬೇರೆ ಸಂಖ್ಯೆಯಲ್ಲೂ ಅಭ್ಯಾಸ ಮಾಡಿ.

ಹಂತ 8: ಖಾತ್ರಿ ಮಾಡಿಕೊಳ್ಳಿ

ಅತಿ ಚಿಕ್ಕದು, ಎರಡನೆಯದು ಅನ್ನುವ ಮಾತುಗಳನ್ನು ಬರೆಯುವ ಮುಂಚೆ ಕೆಳಗಿನ ಸಂಖ್ಯೆಗಳೆಲ್ಲ ಪರೀಕ್ಷೆ ಆಗಿರಬೇಕು. ಕೈಯಲ್ಲಿ ಆಗದಿದ್ದರೆ ಆನ್‌ಲೈನ್ ಎನ್‌ಸೈಕ್ಲೋಪೀಡಿಯಾ ಆಫ್ ಇಂಟಿಜರ್ ಸೀಕ್ವೆನ್ಸಸ್ ನೋಡಿ. ನೀಲ್ ಸ್ಲೋನ್ 1964ರಲ್ಲಿ ಶುರು ಮಾಡಿದ ಸಂಗ್ರಹ ಅದು, 561, 1105, 1729 ಅಂತ ಹುಡುಕಿದರೆ ಇಡೀ ಸರಣಿ ಬರುತ್ತದೆ. ವಾಟ್ಸಾಪ್‌ನಲ್ಲಿ ಬರುವ ಸಂಖ್ಯಾ ಚಮತ್ಕಾರಗಳನ್ನು ಮಾತ್ರ ಲೆಕ್ಕ ಹಾಕಿ ನೋಡದೆ ಮುಂದೆ ಕಳಿಸಬೇಡಿ.

ಅಭ್ಯಾಸಕ್ಕೆ 2465 ತೆಗೆದುಕೊಳ್ಳಿ, ನಾಲ್ಕನೇ ಕಾರ್ಮೈಕೇಲ್ ಸಂಖ್ಯೆ. ಪೂರ್ತಿ ಮಾಡಿದ ಮೇಲೆ ಇದರ ಜೊತೆ ಹೋಲಿಸಿ: ಅಪವರ್ತನಗಳು 5 × 17 × 29. ವರ್ಗಗಳ ಜೋಡಿಗಳು (41, 28), (44, 23), (47, 16), (49, 8). ಅಂಕಿಗಳ ಮೊತ್ತ 17, ಹಾಗಾಗಿ ಹರ್ಷದ್ ಹೌದು. ದ್ವಿಮಾನದಲ್ಲಿ 100110100001, ಇದನ್ನು ತಿರುಗಿಸಿದರೆ ಬೇರೆಯೇ ಆಗುತ್ತದೆ.